ಮಂಗನ ಕಾಯಿಲೆ: ರೋಗಿಯ ಮಾತು ಮತ್ತು ಆಸ್ಪತ್ರೆಯ ಉಪಚಾರ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಾಣುವನ್ನು ಗುರುತಿಸಿದರು. ವೈದ್ಯಶಾಸ್ತ್ರವು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆದರೆ, ಜನಪದರು ಮಂಗನ ಕಾಯಿಲೆ ಎಂದರು. ಜನರಿಟ್ಟ ಹೆಸರು ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟನ್ನು ಸೂಚಿಸುತ್ತದೆ. ಆದರೆ ರೋಗವನ್ನು ದಾಟಿಸುವ ಉಣುಗನ್ನು ಮರೆಮಾಡುತ್ತದೆ.

ರಕ್ತಸ್ರಾವದ ವೈರಾಣು ಜ್ವರಗಳ ಗುಂಪಿಗೆ ಸೇರುವ ಈ ರೋಗದಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮಾಂಸಖಂಡಗಳ ನೋವು, ಕೆಲವರಲ್ಲಿ ಮೂಗು ಮತ್ತು ವಸಡುಗಳಿಂದ ರಕ್ತಸ್ರಾವ ಕಾಣಿಸುತ್ತವೆ. ಡೆಂಗಿ, ಇಲಿಜ್ವರಗಳೂ ಹೀಗೆಯೇ ಆರಂಭವಾಗಬಹುದು. ಆದುದರಿಂದ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ರೋಗಿಯ ಮಾತೇ ಆಗಿದೆ. ಕಾಡಿಗೆ ಹೋಗಿದ್ದರೇ, ತರಗೆಲೆ ತಂದಿದ್ದರೇ, ಸತ್ತ ಮಂಗವನ್ನು ಮುಟ್ಟಿದ್ದರೇ ಎಂದು ಕೇಳಬೇಕು. ಮಂಗವನ್ನು ಹನುಮಂತನ ಸ್ವರೂಪವೆಂದು ಭಾವಿಸಿ ವಿಧಿಪೂರ್ವಕ ಮಣ್ಣು ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಹೊಸ ಆಸರೆ ಹುಡುಕುತ್ತವೆ. ಪುಣ್ಯಕಾರ್ಯವೆಂದು ಮಾಡಿದ್ದನ್ನು ರೋಗಕಾರಣವೆಂದು ರೋಗಿ ತಾನಾಗಿ ಹೇಳಲಾರ.

ಶಂಕೆ ಬಂದೊಡನೆ ರಕ್ತದ ಮಾದರಿಯನ್ನು ಎಚ್ಚರಿಕೆಯಿಂದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆರಂಭದ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಅನಂತರ ಪ್ರತಿಕಾಯ ಪರೀಕ್ಷೆ ನೆರವಾಗುತ್ತದೆ. ಈ ವೈರಾಣುವಿಗೆ ನಿರ್ದಿಷ್ಟ ಔಷಧಿಯಿಲ್ಲ. ದ್ರವಾಂಶ ಕಾಯ್ದುಕೊಳ್ಳುವುದು, ರಕ್ತದೊತ್ತಡ ಹಾಗೂ ಪ್ಲೇಟ್‌ಲೆಟ್‌ಗಳ ಮೇಲೆ ನಿಗಾ ಇಡುವುದು, ಅಗತ್ಯವಿದ್ದರೆ ರಕ್ತ ನೀಡುವುದು ಇವೇ ಉಪಚಾರ. ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆಸ್ಪಿರಿನ್‌ನಂತಹ ಗುಳಿಗೆಗಳು ವರ್ಜ್ಯ. ಜ್ವರ ಬಿಟ್ಟ ಒಂದೆರಡು ವಾರಗಳಲ್ಲಿ ಕೆಲವರಿಗೆ ಅದು ಮರುಕಳಿಸಿ ನಡುಕ, ಮನೋಭ್ರಮೆ ತೋರುವುದುಂಟು. ಇದನ್ನು ಮನೆಗೆ ಕಳುಹಿಸುವಾಗಲೇ ತಿಳಿಸಬೇಕು. ಸೋಂಕಿತರಲ್ಲಿ ಶೇಕಡ 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ ನಿದರ್ಶನವಿಲ್ಲ. ಹಾಗಿದ್ದರೂ ಶಂಕೆ ನಿರ್ಣಯವಲ್ಲ. ಉಣುಗಿನಿಂದಲೇ ಬರುವ ಇನ್ನೊಂದು ರಕ್ತಸ್ರಾವದ ಜ್ವರವಾದ ಕ್ರಿಮಿಯನ್-ಕಾಂಗೋ ಜ್ವರದಿಂದ 2011ರಲ್ಲಿ ಅಹಮದಾಬಾದಿನಲ್ಲಿ ರೋಗಿಯನ್ನು ಉಪಚರಿಸಿದ ವೈದ್ಯರೂ ದಾದಿಯೂ ಮೃತಪಟ್ಟರು. ಆದ್ದರಿಂದ ವರದಿ ಬರುವವರೆಗೆ ಪ್ರತ್ಯೇಕ ಕೊಠಡಿ, ಕೈಗವಸು, ಮುಖಗವಸು, ರಕ್ಷಣಾ ನಿಲುವಂಗಿಗಳು ಅನಿವಾರ್ಯ. ಪ್ಲೇಗಿನ ಕಾಲದಲ್ಲಿ ಊರು ತೊರೆದ ನೆನಪುಳ್ಳ ಸಮುದಾಯಕ್ಕೆ ಪ್ರತ್ಯೇಕತೆಯು ಬಹಿಷ್ಕಾರದಂತೆ ತೋರಬಹುದು. ಹೆದರಿದ ಕುಟುಂಬ ಮುಂದಿನ ರೋಗಿಯನ್ನು ಮರೆಮಾಚಬಹುದು. ಇದು ಕೆಲಕಾಲದ ಎಚ್ಚರಿಕೆ ಮಾತ್ರ ಎಂಬುದನ್ನು ಅವರ ಆಡುನುಡಿಯಲ್ಲಿಯೇ ವಿವರಿಸುವುದು ಸಹ ಉಪಚಾರದ ಒಂದು ಅಂಗವೇ ಆಗಿದೆ.