ಈಡು ಹಾರದಿದ್ದರೆ ಮೊದಲು ತೋಟಾದ ಅಂಚು ನೋಡಿ

ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಇರುತ್ತದೆ. ಹೆಚ್ಚಿನವು ಕೇಪಿನ ಕೋವಿ, ಇಲ್ಲವೆ ಹನ್ನೆರಡು ಬೋರಿನವು. ಕೆಲವರ ಹತ್ತಿರ ಮಾತ್ರ ಪಾಯಿಂಟ್ ಟೂ ಟೂ ರೈಫಲ್ ಇದೆ. ಎನ್‌ಸಿಸಿ ಸೇರಿದ ಹುಡುಗರು ಗುರಿ ಕಲಿಯುವುದೂ ಈ ಬೋರಿನಲ್ಲೇ. ನಮ್ಮ ಮನೆಯಲ್ಲಿ ಇರುವುದು ತಂದೆ ಕಾಲದ್ದು. ಕೈಯಿಂದ ಬೋಲ್ಟ್ ಎಳೆದು ಹೊಡೆಯುವಂಥದು, ಕಡಿಮೆ ಬೆಲೆಯದು.

ಇಂಥ ರೈಫಲ್ ಇದ್ದವರ ದೂರು ಒಂದೇ. "ಒಮ್ಮೆ ಹಾರುತ್ತೆ, ಒಮ್ಮೆ ಹಾರಲ್ಲ." ಕೆಲವರು ಕೋವಿಯೇ ಕೆಟ್ಟದ್ದು ಅಂತ ಮೂಲೆಗೆ ಇಡುತ್ತಾರೆ. ಇನ್ನು ಕೆಲವರು ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋಕೆ ಕೂರುತ್ತಾರೆ. ಎರಡೂ ಬೇಡ. ಕೂರಿಗೆಯ ಒಂದು ತಾಳಿಗೆ ಬೀಜ ಇಳಿಯದಿದ್ದರೆ ನಾವು ಕೂರಿಗೆಯನ್ನೇ ಒಲೆಗೆ ಹಾಕೋದಿಲ್ಲ. ಎಲ್ಲಿ ಕಟ್ಟಿದೆ ಅಂತ ನೋಡುತ್ತೇವೆ. ಇಲ್ಲೂ ಹಾಗೇ. ಎಲ್ಲಿ ಕಟ್ಟಿದೆ ಅನ್ನುವುದನ್ನು ತೋಟಾದ ಅಂಚೇ ಹೇಳುತ್ತದೆ.

ಈ ತೋಟಾ ಬೇರೆ ಜಾತಿ

ಹನ್ನೆರಡು ಬೋರಿನ ತೋಟಾಕ್ಕೆ ಬುಡದ ನಡುವೆ ಪುಟ್ಟ ಕೇಪು ಇರುತ್ತದೆ. ಪಿನ್ನು ಅಲ್ಲಿಗೆ ಹೊಡೆಯುತ್ತದೆ. ಟೂ ಟೂ ತೋಟಾಕ್ಕೆ ಬೇರೆ ಕೇಪು ಇಲ್ಲ. ಬುಡದ ಸುತ್ತ ಮಡಿಚಿದ ಅಂಚು ಇದೆಯಲ್ಲ, ಅದರ ಒಳಗಿನ ಟೊಳ್ಳಿನಲ್ಲೇ ಕಿಡಿಮದ್ದು ತುಂಬಿರುತ್ತಾರೆ. ಈಗ ನಾವು ಬಳಸುವ 'ಲಾಂಗ್ ರೈಫಲ್' ತೋಟಾ ಅಮೆರಿಕದಲ್ಲಿ 1887ರಲ್ಲಿ ಬಂದದ್ದು. ಉದ್ದ ಒಂದು ಇಂಚು, ಅಂಚಿನ ದಪ್ಪ ಸುಮಾರು 1 ಮಿಲಿಮೀಟರ್.

ಪಿನ್ನು ಬಂದು ಈ ಅಂಚನ್ನು ನಳಿಗೆಯ ಹಿಂಬಾಯಿಗೆ ಒತ್ತಿ ಜಜ್ಜಬೇಕು. ಆಗಲೇ ಒಳಗಿನ ಮದ್ದಿಗೆ ಕಿಡಿ. ಒನಕೆ ಏಟು ಗಟ್ಟಿ ಒರಳಿನ ಮೇಲೆ ಬಿದ್ದರೆ ಕಾಳು ಒಡೆಯುತ್ತದೆ. ಒರಳಿನಲ್ಲಿ ಹುಲ್ಲಿನ ಮೆತ್ತೆ ಇದ್ದರೆ ಏಟು ವ್ಯರ್ಥ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ: ಸುಮ್ಮನೆ ನಿಲ್ಲುವುದು

ಕುದುರೆ ಎಳೆದಿರಿ, ಟಕ್ ಅಂತು, ಈಡು ಹಾರಲಿಲ್ಲ. ತಕ್ಷಣ ಬೋಲ್ಟ್ ತೆಗೆಯಬೇಡಿ. ಕೆಲವು ತೋಟಾ ತಡವಾಗಿ ಹಾರುವುದುಂಟು. ನಳಿಗೆಯ ಬಾಯಿ ಜನ, ದನ, ಮನೆ ಇಲ್ಲದ ಕಡೆ ನೆಲದತ್ತ ಇರಲಿ. ಒಂದು ನಿಮಿಷ ಹಾಗೇ ಹಿಡಿದು ನಿಲ್ಲಿ. ಆಮೇಲೆ ಮುಖ ಪಕ್ಕಕ್ಕೆ ಇಟ್ಟುಕೊಂಡು ಬೋಲ್ಟ್ ತೆಗೆಯಿರಿ.

ಇನ್ನೊಂದು. ಸದ್ದು ಬಂತು, ಆದರೆ ಯಾವಾಗಿನಂತಲ್ಲ, ಠುಸ್ ಅಂತ ಬಂತು ಅಂದುಕೊಳ್ಳಿ. ಗುಂಡು ನಳಿಗೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಅಲ್ಲಿಗೆ ನಿಲ್ಲಿಸಿ. ಕೋವಿ ಖಾಲಿ ಮಾಡಿ, ಬೋಲ್ಟ್ ಹೊರಗೆ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೋ ಇಲ್ಲವೋ ನೋಡಿ. ಕಾಣದಿದ್ದರೆ ರಿಪೇರಿಯವರ ಹತ್ತಿರವೇ ಹೋಗಬೇಕು.

ಅಂಚಿನ ಗುರುತು ಓದುವುದು

ಹಾರದ ತೋಟಾವನ್ನು ಬೆಳಕಿಗೆ ಹಿಡಿಯಿರಿ. ಅಂಚಿನ ಮೇಲೆ ಪಿನ್ನಿನ ಏಟಿನ ತಗ್ಗು ಇರುತ್ತದೆ. ಅದೇ ಪೆಟ್ಟಿಗೆಯ, ಸರಿಯಾಗಿ ಹಾರಿದ ಖಾಲಿ ತೋಟಾ ಒಂದನ್ನು ಪಕ್ಕಕ್ಕಿಟ್ಟು ಹೋಲಿಸಿ.

ತಗ್ಗು ಎರಡರಲ್ಲೂ ಒಂದೇ ಆಳ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಅಂಚಿನ ಸುತ್ತ ಕಿಡಿಮದ್ದು ಒಂದೇ ಸಮನೆ ಹರಡಿರಬೇಕು. ಅಗ್ಗದ ಇಲ್ಲವೆ ಹಳೇ ತೋಟಾದಲ್ಲಿ ಒಂದು ಮೂಲೆ ಖಾಲಿ ಉಳಿದಿರುತ್ತದೆ. ಪಿನ್ನು ಸರಿಯಾಗಿ ಆ ಜಾಗಕ್ಕೇ ಬಿದ್ದರೆ ಈಡು ಹಾರುವುದಿಲ್ಲ. ಅದೇ ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಎಷ್ಟೋ ಸಲ ಹಾರುತ್ತದೆ. ಎರಡನೇ ಸಲವೂ ಹಾರದಿದ್ದರೆ ಅದನ್ನು ಬೇರೆ ಇಟ್ಟು ಅಂಗಡಿಯವರಿಗೆ ಒಪ್ಪಿಸಿ. ಹೊಲದಲ್ಲಿ ಎಸೆಯುವುದು, ಬೆಂಕಿಗೆ ಹಾಕುವುದು ಮಾಡಬಾರದು. ಮಕ್ಕಳ ಕೈಗೆ ಸಿಕ್ಕೀತು.

ತಗ್ಗು ತೆಳುವಾಗಿ, ಉಗುರು ಗೀಚಿದಷ್ಟೇ ಇದ್ದರೆ ತಪ್ಪು ಕೋವಿಯದ್ದು. ಇದಕ್ಕೆ ಕಾರಣ ಸಾಮಾನ್ಯವಾಗಿ ನಾಲ್ಕು.

ಒಂದು, ಚೇಂಬರಿನ ಕೊಳೆ. ಈ ಗುಂಡು ಸೀಸದ್ದು, ಮೇಲೆ ಮೇಣ ಸವರಿರುತ್ತಾರೆ. ಸೀಸ, ಮೇಣ, ಮಸಿ ಮೂರೂ ಸೇರಿ ತೋಟಾ ಕೂರುವ ಗೂಡಿನಲ್ಲಿ ಗಟ್ಟುತ್ತವೆ. ತೋಟಾ ಕೊನೆತನಕ ಒಳಗೆ ಹೋಗುವುದಿಲ್ಲ. ಪಿನ್ನು ಹೊಡೆದಾಗ ಅಂಚು ಜಜ್ಜುವ ಬದಲು ತೋಟಾ ಮುಂದಕ್ಕೆ ಜರುಗುತ್ತದೆ. ಹುಲ್ಲಿನ ಮೆತ್ತೆ ಅಂದೆನಲ್ಲ, ಅದು ಇದೇ.

ಎರಡು, ಬೋಲ್ಟಿನೊಳಗೆ ಅಂಟಾದ ಎಣ್ಣೆ. ಚುನಾವಣೆ ಬಂದಾಗ ಬಹಳ ಜನ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ. ವಾರಗಟ್ಟಲೆ ನಿಂತ ಕೋವಿಯಲ್ಲಿ ಧೂಳು ಕೂತು ಎಣ್ಣೆ ಗಟ್ಟಿಯಾಗುತ್ತದೆ. ಮನೆಗೆ ತಂದ ಮೇಲೆ ಮೊದಲ ದಿನವೇ ತಕರಾರು ಶುರು. ಅಡುಗೆ ಎಣ್ಣೆ ಹಾಕಿದ್ದರಂತೂ ಮುಗಿದೇ ಹೋಯಿತು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅರಗಿನಂತೆ ಆಗುವುದು ನಮಗೆಲ್ಲ ಗೊತ್ತಿದ್ದದ್ದೇ. ಪಿನ್ನು ಆ ಅಂಟಿನಲ್ಲಿ ಈಜಿಕೊಂಡು ಬರುವಷ್ಟರಲ್ಲಿ ಏಟಿನ ಬಲ ಸತ್ತಿರುತ್ತದೆ.

ಮೂರು, ಸ್ಪ್ರಿಂಗು ಸೊರಗಿರುವುದು. ವರ್ಷಗಟ್ಟಲೆ ಕಾಕ್ ಮಾಡಿಯೇ ಇಟ್ಟ ರೈಫಲ್‌ನಲ್ಲಿ ಇದು ಹೆಚ್ಚು.

ನಾಲ್ಕು, ಪಿನ್ನಿನ ತುದಿ ಸವೆದಿರುವುದು ಅಥವಾ ಮುರಿದಿರುವುದು. ಖಾಲಿ ಕೋವಿಯ ಕುದುರೆ ಎಳೆದು ಆಡುವ ಚಟ ಇದಕ್ಕೆ ಕಾರಣ. ಎಷ್ಟೋ ಹಳೇ ರೈಫಲ್‌ಗಳಲ್ಲಿ ತೋಟಾ ಇಲ್ಲದಾಗ ಪಿನ್ನು ನೇರವಾಗಿ ನಳಿಗೆಯ ಹಿಂಬಾಯಿಗೇ ಬಡಿಯುತ್ತದೆ. ಪಿನ್ನೂ ಹಾಳು, ಒರಳೂ ಹಾಳು. ಮನೆಗೆ ಬಂದ ನೆಂಟರು ಕೇಳಿದರೂ ಕೊಡಬೇಡಿ.

ಮೊದಲೆರಡಕ್ಕೆ ಮನೆಯಲ್ಲೇ ಮದ್ದಿದೆ. ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ತೆರೆದು ಚೇಂಬರು ಖಾಲಿ ಇದೆ ಅಂತ ಕಣ್ಣಲ್ಲೂ ನೋಡಿ, ಕಿರುಬೆರಳಲ್ಲೂ ಮುಟ್ಟಿ ನೋಡಿ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಕೋವಿ ಖಾಲಿ ಆಗುವುದಿಲ್ಲ, ಒಳಗೆ ಒಂದು ಕೂತಿರಬಹುದು. ಆಮೇಲೆ ಆ ಬೋರಿಗೆ ಸರಿಯಾದ ಕಂಚಿನ ಬ್ರಶ್ಶನ್ನು ಹಿಂದಿನಿಂದ ಹಾಕಿ ಚೇಂಬರು ಉಜ್ಜಿ. ಕಬ್ಬಿಣದ ತಂತಿ ಬೇಡ, ಗೀರು ಬಿದ್ದರೆ ತೋಟಾ ಹಿಡಿದುಕೊಳ್ಳುತ್ತದೆ. ಬೋಲ್ಟನ್ನು ಒರೆಸಿ, ಹೊಲಿಗೆ ಮಷೀನಿಗೆ ಹಾಕುವಂಥ ತೆಳು ಎಣ್ಣೆ ಒಂದೆರಡು ಹನಿ ಸವರಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಕಂಡರೆ ಅದು ಹೆಚ್ಚಾಯಿತು ಅಂತಲೇ ಲೆಕ್ಕ. ತೋಟಾಕ್ಕೆ ಎಣ್ಣೆ ತಾಗಬಾರದು. ಅದು ಒಳಗೆ ಇಳಿದರೆ ಮದ್ದು ಸಾಯುತ್ತದೆ.

ಮೂರು, ನಾಲ್ಕನೆಯದಕ್ಕೆ ನಾವು ಕೈ ಹಾಕುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿಯ ಉದ್ಯೋಗ ಮಾಡುವವರಿಗೂ ಲೈಸೆನ್ಸ್ ಬೇಕು. ಊರ ಕಮ್ಮಾರ ಎಷ್ಟೇ ಜಾಣನಾದರೂ ಅವನಿಂದ ಪಿನ್ನು ಮಾಡಿಸಬೇಡಿ. ಪಿನ್ನು ಒಂದಿಷ್ಟು ಉದ್ದವಾದರೆ ಬೋಲ್ಟ್ ಮುಚ್ಚುವಾಗಲೇ ಈಡು ಹಾರೀತು.

ತೋಟಾ ಹೊರಗೆ ಬರದಿದ್ದರೆ, ಒಳಗೆ ಹೋಗದಿದ್ದರೆ

ಬೋಲ್ಟಿನ ತುದಿಯಲ್ಲಿ ಚಿಕ್ಕ ಕೊಕ್ಕೆ ಇದೆ. ಖಾಲಿ ತೋಟಾವನ್ನು ಅಂಚು ಹಿಡಿದು ಎಳೆಯುವುದು ಅದೇ. ಕೊಕ್ಕೆಯ ಸಂದಿನಲ್ಲಿ ಮಸಿ ತುಂಬಿದರೆ ಹಿಡಿತ ತಪ್ಪುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸ್ವಚ್ಛ ಮಾಡಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಆದರೆ ಹಾರದ ತೋಟಾ ಒಳಗೆ ಸಿಕ್ಕಿಕೊಂಡರೆ ಅದರ ಅಂಚಿಗೆ ಚಾಕು, ಮೊಳೆ ಹಾಕಿ ಮೀಟಲೇಬೇಡಿ. ಕಿಡಿಮದ್ದು ಇರುವುದೇ ಆ ಅಂಚಿನಲ್ಲಿ. ಮುಂದಿನಿಂದ ಸರಳು ಹಾಕಿ ಕುಟ್ಟುವುದೂ ಬೇಡ.

ತೋಟಾ ಓರೆಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಮ್ಯಾಗಜಿನ್ ತೆಗೆದಿಟ್ಟು, ಒಂದೊಂದೇ ತೋಟಾವನ್ನು ಕೈಯಿಂದ ಹಾಕಿ ನೋಡಿ. ಹಾಗೆ ಸಲೀಸಾಗಿ ಹೋದರೆ ಕೋವಿ ಸರಿ ಇದೆ, ಕೆಟ್ಟಿರುವುದು ಮ್ಯಾಗಜಿನ್. ಅಗ್ಗದ ರೈಫಲ್‌ಗಳಲ್ಲಿ ಇದು ತೆಳು ತಗಡಿನದು. ಒಮ್ಮೆ ಕೆಳಗೆ ಬಿದ್ದರೆ ಬಾಯಿ ಸೊಟ್ಟಗಾಗುತ್ತದೆ. ಇಕ್ಕಳ ಹಿಡಿದು ತಿದ್ದುವುದಕ್ಕಿಂತ ಬೇರೆ ತರಿಸುವುದು ಒಳ್ಳೆಯದು.

ಹೊರದೇಶಗಳ ರೈತರು ತಾನೇ ತುಂಬಿಕೊಳ್ಳುವ ಟೂ ಟೂ ರೈಫಲ್ ಬಳಸುವುದುಂಟು. ಅಮೆರಿಕದಲ್ಲಿ ಮಾರ್ಲಿನ್ 60 ಎಂಬುದು 1960ರಲ್ಲಿ, ರೂಗರ್ 10/22 ಎಂಬುದು 1964ರಲ್ಲಿ ಬಂದವು. ಅದರಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ತೋಟಾದ ಬಲವೇ. ಕೊಳೆ ಹೆಚ್ಚಾದರೆ, ತೋಟಾ ಸೊರಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕೈ ಬೋಲ್ಟಿನದು ನಿಧಾನ ಇರಬಹುದು, ಆದರೆ ತಪ್ಪು ಹುಡುಕೋಕೆ ಸುಲಭ.

ಇಷ್ಟೆಲ್ಲ ಯಾಕೆ

ಹಾರಬೇಕಾದಾಗ ಹಾರದ ಕೋವಿ, ಹಾರಬಾರದಾಗ ಹಾರುವುದೂ ಉಂಟು. ಈ ಗುಂಡಿನ ತೂಕ ಬರೀ 2.6 ಗ್ರಾಂ. ಆದರೂ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ನಮ್ಮದು ಬಯಲು ಸೀಮೆ. ತಡೆಯಲು ಮರವಿಲ್ಲ, ಗುಡ್ಡವಿಲ್ಲ. ಮೂರು ಹೊಲದಾಚೆ ಶೇಂಗಾ ಕೀಳುವವರು ಕೂತಿರುತ್ತಾರೆ.

ಕಾಡುಹಂದಿಗೆ ಈ ಗುಂಡು ಸಾಲದು, ಗಾಯಗೊಂಡ ಹಂದಿ ಮನುಷ್ಯರ ಮೇಲೇ ಬರುತ್ತದೆ. ಕೋವಿಗೆ ಲೈಸೆನ್ಸ್ ಇದೆ ಅಂದರೆ ಬೇಟೆಗೆ ಲೈಸೆನ್ಸ್ ಇದೆ ಅಂತ ಅರ್ಥವಲ್ಲ. ಕೃಷ್ಣಮೃಗ, ನವಿಲು ಬೆಳೆ ತಿಂದರೂ 1972ರ ವನ್ಯಜೀವಿ ಕಾಯ್ದೆ ಅವನ್ನು ಕಾಯುತ್ತದೆ.

ಒಂದು ಸಲಹೆ. ಲೈಸೆನ್ಸ್ ಪುಸ್ತಕದ ಜೊತೆ ಒಂದು ಸಣ್ಣ ನೋಟುಬುಕ್ ಇಡಿ. ಯಾವ ಪೆಟ್ಟಿಗೆಯ ತೋಟಾ, ಎಷ್ಟು ಹಾರಿತು, ಎಷ್ಟು ಹಾರಲಿಲ್ಲ, ಅಂಚಿನ ತಗ್ಗು ಆಳವೋ ತೆಳುವೋ ಅಂತ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ತೋಟಾ, ಆಮೇಲೆ ಸ್ವಚ್ಛತೆ, ಆಮೇಲೆ ಮ್ಯಾಗಜಿನ್, ಕೊನೆಗೆ ರಿಪೇರಿ ಅಂಗಡಿ. ಹೋಗುವಾಗ ಆ ನೋಟುಬುಕ್ಕನ್ನೂ ಹಾರಿದ ಖಾಲಿ ತೋಟಾಗಳನ್ನೂ ಒಯ್ಯಿರಿ. ಏನು ಕೆಟ್ಟಿದೆ ಅಂತ ಹುಡುಕುವ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ, ಖರ್ಚೂ ಅಷ್ಟೇ ಇಳಿಯುತ್ತದೆ.