ಪಕ್ಕದ ಬೆಂಚಿನಲ್ಲಿ ಕೂರುವ ಮಗು ಯಾರದು?

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಇಬ್ಬರು ಅಪರಿಚಿತರು ಅಕ್ಕಪಕ್ಕ ಕುಳಿತರೆ ಮೊದಲು ಬರುವ ಪ್ರಶ್ನೆ ಊರು ಯಾವುದೆಂದು. ಎರಡನೆಯದು ಕೆಲಸ ಎಲ್ಲೆಂದು. ಮೂರನೆಯದು, 'ಮಕ್ಕಳು ಯಾವ ಸ್ಕೂಲು?' ಕೇಳುವವರಿಗೆ ಬೇಕಿರುವುದು ಮಗು ಏನು ಕಲಿಯುತ್ತಿದೆ ಎಂಬ ವಿವರವಲ್ಲ. ಶಾಲೆಯ ಹೆಸರೊಂದು ಸಿಕ್ಕರೆ ಸಾಕು. ಮನೆಯ ವರಮಾನ, ಇರುವ ಬಡಾವಣೆ, ತಂದೆ ತಾಯಿಯ ಓದು, ಮನೆಯಲ್ಲಿ ಆಡುವ ಮಾತು ಎಲ್ಲವನ್ನೂ ಅಂದಾಜು ಮಾಡಿಕೊಳ್ಳಬಹುದು. ಒಂದು ಕಾಲಕ್ಕೆ ಹೆಸರಿನ ಕೊನೆಯ ಭಾಗ ಮಾಡುತ್ತಿದ್ದ ಕೆಲಸವನ್ನು ಈಗ ಶಾಲೆಯ ಹೆಸರು ಮಾಡುತ್ತದೆ.

ಶಾಲೆಯ ಗೇಟಿನ ಬಳಿ ಈ ಅಂದಾಜು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಕ್ಕಳ ನಡುವಿನ ಭೇದ ಕಾಣದಿರಲೆಂದೇ ಸಮವಸ್ತ್ರವಿದೆ. ಆದರೆ ಸಮವಸ್ತ್ರ ತೊಟ್ಟ ಮಗು ಇಳಿದದ್ದು ಆಟೊದಿಂದಲೋ ಕಾರಿನಿಂದಲೋ, ಬೇಸಿಗೆ ರಜೆಯಲ್ಲಿ ಹೋದದ್ದು ಅಜ್ಜಿಯ ಊರಿಗೋ ಸಿಂಗಪುರಕ್ಕೋ, ಹುಟ್ಟುಹಬ್ಬಕ್ಕೆ ಹಂಚಿದ್ದು ಮಿಠಾಯಿಯೋ ಹೋಟೆಲಿನ ಪಾರ್ಟಿಯ ಆಹ್ವಾನವೋ ಎಂದು ಲೆಕ್ಕವಿಡುವವರು ಮಕ್ಕಳಿಗಿಂತ ಹೆಚ್ಚಾಗಿ ಪೋಷಕರು. ತರಗತಿಯ ಪೋಷಕರಿಗೊಂದು ವಾಟ್ಸಾಪ್ ಗುಂಪು ಇದ್ದರೆ ಅದರಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಅಳುಕುವ ತಾಯಿ ಸುಮ್ಮನೆ ಓದುತ್ತಾಳೆ. ಆಕೆ ಸುಮ್ಮನಿರುವುದನ್ನೂ ಉಳಿದವರು ಗಮನಿಸಿರುತ್ತಾರೆ.

ಇದನ್ನು ಬರಿಯ ಜಂಬವೆಂದು ತಳ್ಳಿಹಾಕುವಂತಿಲ್ಲ. ಜಂಬಗಾರನಿಗೆ ತನ್ನಲ್ಲಿರುವುದನ್ನು ತೋರಿಸಿಕೊಂಡರೆ ಸಾಕು. ಇಲ್ಲಿರುವುದು ಮೇಲಿನವರನ್ನು ಕಂಡು ಬಾಗುವ, ಕೆಳಗಿನವರನ್ನು ಕಂಡು ಮುಖ ತಿರುಗಿಸುವ, ನಡುವೆ ತನ್ನ ಜಾಗ ಎಲ್ಲಿ ಜಾರಿಹೋಗುವುದೋ ಎಂದು ಹೆದರುವ ಮನಸ್ಸು. ಇಂಗ್ಲಿಷಿನಲ್ಲಿ ಇಂಥವರನ್ನು 'ಸ್ನಾಬ್' ಎನ್ನುತ್ತಾರೆ. ಈ ಪದದ ಚರಿತ್ರೆಯೇ ಒಂದು ಪಾಠ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ನಾಬ್ ಎಂದರೆ ಚಪ್ಪಲಿ ಹೊಲಿಯುವವನು. ಕೇಂಬ್ರಿಜ್ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯಕ್ಕೆ ಸೇರದ ಊರಿನ ಜನರನ್ನೆಲ್ಲ ಹೀಗೆ ಕರೆದು ಹಳಿಯತೊಡಗಿದರು. ಕಾದಂಬರಿಕಾರ ಥ್ಯಾಕರೆ 'ಪಂಚ್' ಪತ್ರಿಕೆಗೆ ಬರೆದ ಲೇಖನಗಳು 1848ರಲ್ಲಿ ಸ್ನಾಬರ ಕುರಿತ ಪುಸ್ತಕವಾಗಿ ಬಂದವು. ಆ ವೇಳೆಗೆ ಬಾಣ ತಿರುಗಿತ್ತು. ಕೆಳಗಿನವನನ್ನು ಹಳಿಯಲು ಹುಟ್ಟಿದ ಮಾತು ಹಾಗೆ ಹಳಿಯುವವನಿಗೇ ಅಂಟಿಕೊಂಡಿತು.

ಬಡವರ ಶಾಲೆ ಉಳ್ಳವರದಾದ ಬಗೆ

ಶಾಲೆಗೂ ಅಂತಸ್ತಿಗೂ ಗಂಟು ಬಿದ್ದ ಕಥೆಯನ್ನು ತಿಳಿಯಲು ಅದೇ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ಅತಿ ಪ್ರತಿಷ್ಠಿತ ಖಾಸಗಿ ಶಾಲೆಗಳಲ್ಲಿ ಕೆಲವು ಆರಂಭವಾದದ್ದು ಬಡ ಹುಡುಗರಿಗಾಗಿ. 1382ರಲ್ಲಿ ಸ್ಥಾಪನೆಯಾದ ವಿಂಚೆಸ್ಟರ್, 1440ರಲ್ಲಿ ದೊರೆ ಆರನೆಯ ಹೆನ್ರಿ ಸ್ಥಾಪಿಸಿದ ಈಟನ್, ಎರಡೂ ತಲಾ 70 ಮಂದಿ ಬಡ ವಿದ್ಯಾರ್ಥಿಗಳನ್ನು ಸಾಕಿ ಓದಿಸಲು ಹುಟ್ಟಿದವು. ಲಂಡನ್ನಿನ ಕಿರಾಣಿ ವರ್ತಕ ಲಾರೆನ್ಸ್ ಶೆರಿಫ್ 1567ರಲ್ಲಿ ತನ್ನ ಹುಟ್ಟೂರು ರಗ್ಬಿಯ ಹುಡುಗರಿಗಾಗಿ ಶಾಲೆಗೆ ಆಸ್ತಿ ಬರೆದಿಟ್ಟ. ಜಾನ್ ಲಯನ್ ಎಂಬ ರೈತ 1572ರಲ್ಲಿ ಹ್ಯಾರೊ ಊರಿನ ಮಕ್ಕಳಿಗೆ ಶಾಲೆ ಕಟ್ಟಿಸಲು ರಾಣಿಯಿಂದ ಸನ್ನದು ಪಡೆದ.

ಹಣ ಕೊಟ್ಟು ಓದುವ ಹೊರಗಿನ ಹುಡುಗರಿಗೂ ಈ ಶಾಲೆಗಳಲ್ಲಿ ಜಾಗವಿತ್ತು. ಕಾಲಕ್ರಮದಲ್ಲಿ ಶಾಲೆಯ ಖ್ಯಾತಿ ಬೆಳೆದಂತೆ ಅವರ ಸಂಖ್ಯೆಯೂ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಜಮೀನುದಾರರ, ಹೊಸ ಉದ್ಯಮಿಗಳ ಮಕ್ಕಳು ಶಾಲೆ ತುಂಬಿದ್ದರು. ಸರ್ಕಾರ 1861ರಲ್ಲಿ ಕ್ಲಾರೆಂಡನ್ ಆಯೋಗವನ್ನು ನೇಮಿಸಿ ಇಂಥ ಒಂಬತ್ತು ಶಾಲೆಗಳ ವಿಚಾರಣೆ ನಡೆಸಿತು. ಅದರ ವರದಿಯ ಮೇಲೆ 1868ರಲ್ಲಿ ಏಳು ಶಾಲೆಗಳಿಗೆ ಅನ್ವಯಿಸುವ ಕಾನೂನೂ ಬಂತು. ಇದಾದ ಮೇಲೆ ಹ್ಯಾರೊದಲ್ಲಿ 1876ರಲ್ಲಿ ಊರಿನ ಮಕ್ಕಳಿಗಾಗಿ ಬೇರೆಯದೇ ಒಂದು 'ಕೆಳ ಶಾಲೆ' ಆರಂಭವಾಯಿತು. ರಗ್ಬಿಯಲ್ಲೂ 1878ರಲ್ಲಿ ಊರಿನ ಹುಡುಗರಿಗೆ ಪ್ರತ್ಯೇಕ ಶಾಲೆ ತೆರೆಯಿತು. ಒಂದಕ್ಕೆ ಜಾನ್ ಲಯನ್ನನ ಹೆಸರು, ಇನ್ನೊಂದಕ್ಕೆ ಲಾರೆನ್ಸ್ ಶೆರಿಫನ ಹೆಸರು. ಸ್ಥಾಪಕರು ಯಾರಿಗಾಗಿ ಶಾಲೆ ಕಟ್ಟಿದ್ದರೋ ಅವರಿಗೆ ಕೊನೆಗೆ ಸಿಕ್ಕಿದ್ದು ಪಕ್ಕದ ಕಟ್ಟಡ ಮತ್ತು ಸ್ಥಾಪಕರ ಹೆಸರು!

ರಗ್ಬಿಗೂ ಬೆಂಗಳೂರಿಗೂ ಒಂದು ನೇರ ನಂಟಿದೆ. ಆ ಶಾಲೆಯಲ್ಲಿ ಹೆಸರಾಂತ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡರ ಕೈಕೆಳಗೆ ಪಾಠ ಹೇಳುತ್ತಿದ್ದ ಜಾರ್ಜ್ ಕಾಟನ್ ಮುಂದೆ ಕಲ್ಕತ್ತೆಯ ಬಿಷಪ್ ಆಗಿ ಬಂದರು. ಭಾರತದಲ್ಲಿದ್ದ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಶಾಲೆಗಳಾಗಬೇಕೆಂಬುದು ಅವರ ಯೋಜನೆಯಾಗಿತ್ತು. ಅವರ ಹೆಸರಿನ ಶಾಲೆ ಬೆಂಗಳೂರಿನ ದಂಡು ಪ್ರದೇಶದಲ್ಲಿ 1865ರಲ್ಲಿ ತೆರೆಯಿತು. ರಾಜಕುಮಾರರಿಗಾಗಿ ಅಜ್ಮೀರಿನಲ್ಲಿ 1875ರಲ್ಲಿ ಮೇಯೊ ಕಾಲೇಜು ಬಂತು, ಡೆಹ್ರಾಡೂನಿನಲ್ಲಿ 1935ರಲ್ಲಿ ಡೂನ್ ಶಾಲೆ ಬಂತು. ಶಾಲೆ ಎಂದರೆ ಪಾಠ ಮಾತ್ರವಲ್ಲ, ಮಾತಿನ ಧಾಟಿ, ನಡೆನುಡಿ, ಜೀವನಪೂರ್ತಿ ನೆರವಿಗೆ ಬರುವ ಸ್ನೇಹವಲಯ ಎಂಬ ಇಂಗ್ಲಿಷ್ ಕಲ್ಪನೆ ಹೀಗೆ ಇಲ್ಲಿ ಬೇರೂರಿತು.

ಧಾರವಾಡದ ಹುಡುಗ

ಹಾಗೆಂದು ಈ ರೋಗ ಪೂರ್ತಿಯಾಗಿ ಹಡಗಿನಲ್ಲಿ ಬಂದದ್ದೇನೂ ಅಲ್ಲ. ಪಕ್ಕದಲ್ಲಿ ಯಾರು ಕೂರಬೇಕು ಎಂಬ ಚಿಂತೆ ಇಲ್ಲಿ ಮೊದಲೇ ಇತ್ತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಜಾತಿಯ ಹುಡುಗನೊಬ್ಬ ಪ್ರವೇಶ ಕೋರಿದ. ಅರ್ಜಿ ಮುಂಬೈ ಸರ್ಕಾರದವರೆಗೂ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಗೆ ಕೈಹಾಕಿದರೆ ವಿದ್ಯಾಭ್ಯಾಸದ ಕಾರ್ಯಕ್ಕೇ ಧಕ್ಕೆಯಾದೀತೆಂದು ಹೇಳಿ ಪ್ರವೇಶ ನಿರಾಕರಿಸಿತು. ಉಳಿದ ಮಕ್ಕಳ ಪೋಷಕರು ಶಾಲೆ ಬಿಡಿಸಿಬಿಟ್ಟಾರು ಎಂಬುದೇ ಈ ಮಾತಿನ ಹಿಂದಿದ್ದ ಭಯ. ಭಾರತ ಸರ್ಕಾರ ಈ ತೀರ್ಮಾನವನ್ನು ಮೆಚ್ಚಲಿಲ್ಲ. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ 1858ರಲ್ಲಿ ಸ್ಪಷ್ಟಪಡಿಸಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೂ 1882ರ ಹಂಟರ್ ಆಯೋಗ ಆ ತತ್ವವನ್ನು ಎತ್ತಿಹಿಡಿಯುತ್ತಲೇ, ಕೆಳಜಾತಿಯ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ತೆರೆಯುವ ಸಲಹೆಯನ್ನೂ ಕೊಟ್ಟಿತು. ಹ್ಯಾರೊದಲ್ಲಿ ಆದದ್ದೂ ಇದೇ ಅಲ್ಲವೇ? ಒಳಗೆ ಬಿಡಲು ಮನಸ್ಸಿಲ್ಲದಿದ್ದಾಗ ಪಕ್ಕದಲ್ಲೊಂದು ಕಟ್ಟಡ.

ಮೈಲಿಗೆಯ ಮಾತನ್ನು ಈಗ ಖಾಸಗಿ ಶಾಲೆಯ ಗೇಟಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದರ ಬದಲಿಗೆ 'ಸ್ಟ್ಯಾಂಡರ್ಡ್', 'ಬ್ಯಾಕ್‌ಗ್ರೌಂಡ್', 'ಎಂಥೆಂಥವರ ಮಕ್ಕಳೋ' ಎಂಬ ಮಾತುಗಳಿವೆ. ಇವೆಲ್ಲಕ್ಕೂ ಅಳತೆಗೋಲು ಇಂಗ್ಲಿಷ್. ಕರ್ನಾಟಕದಲ್ಲಿ ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರ ಮಠವೆಂದು ತಿಳಿಯುವವರು ಕಡಿಮೆ. ಇಂಗ್ಲಿಷ್ ಮಾಧ್ಯಮದ ಯಾವ ಶಾಲೆಯಾದರೂ ಕಾನ್ವೆಂಟೇ. ಚರ್ಚಿಗೆ ಸಂಬಂಧವೇ ಇಲ್ಲದ ಸಂಸ್ಥೆಗಳೂ ಫಲಕದ ಮೇಲೆ ಸಂತರೊಬ್ಬರ ಹೆಸರು ಬರೆಸಿಕೊಂಡದ್ದುಂಟು. 1982ರ ಗೋಕಾಕ್ ಚಳವಳಿಯಿಂದ ಹಿಡಿದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮ ಮಾಡಲು ಹೊರಟ 1994ರ ಸರ್ಕಾರಿ ಆದೇಶದವರೆಗೆ ಭಾಷೆಯ ಪ್ರಶ್ನೆಯಾಗಿ ಕಂಡದ್ದರಲ್ಲಿ ಅಂತಸ್ತಿನ ಪ್ರಶ್ನೆಯೂ ಬೆರೆತಿತ್ತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪಿತ್ತಿತು.

ತುದಿಗಾಲಲ್ಲಿ ನಿಂತವರು

ಪೋಷಕರನ್ನು ಬೈದರೆ ವಿಷಯ ಮುಗಿಯುವುದಿಲ್ಲ. ಆಟೊ ಓಡಿಸುವವರು, ಮನೆಗೆಲಸ ಮಾಡುವವರು ಸಾಲ ಮಾಡಿ ಫೀಜು ಕಟ್ಟುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಅವರಿಗೆ ಗೊತ್ತಿಲ್ಲವೆಂದಲ್ಲ. ತಮಗೆ ಸಿಗದ ಗೌರವ ಮಗುವಿಗಾದರೂ ಸಿಗಲಿ ಎಂಬ ಆಸೆ ಅದು. ಆದರೆ ಈ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ. ಬೀದಿಯ ಕಾನ್ವೆಂಟಿಗೆ ಕಳಿಸುವವರು ಸರ್ಕಾರಿ ಶಾಲೆಯ ಮಕ್ಕಳೊಡನೆ ಆಡಬೇಡವೆನ್ನುತ್ತಾರೆ. ಅವರನ್ನು ಸಿಬಿಎಸ್‌ಇ ಶಾಲೆಯವರು, ಅವರನ್ನು 'ಇಂಟರ್‌ನ್ಯಾಷನಲ್' ಶಾಲೆಯವರು ಅಳೆಯುತ್ತಾರೆ. ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ 1976ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಕೆಲವು ವಸ್ತುಗಳ ಬೆಲೆ ಇರುವುದೇ ಅವು ಇತರರಿಗೆ ಸಿಗದಿರುವುದರಲ್ಲಿ. ಜಾತ್ರೆಯ ಗುಂಪಿನಲ್ಲಿ ತೇರು ಕಾಣಲೆಂದು ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚೇನೂ ಕಾಣುವುದಿಲ್ಲ. ಕಾಲು ನೋಯುವುದು ಮಾತ್ರ ಎಲ್ಲರಿಗೂ. ಶಾಲೆಯ ಫೀಜಿನಲ್ಲಿ ಒಂದು ಪಾಲು ಪಾಠಕ್ಕಾದರೆ ಇನ್ನೊಂದು ಪಾಲು ಪಕ್ಕದ ಬೆಂಚಿನಲ್ಲಿ ಯಾರು ಇರುವುದಿಲ್ಲ ಎಂಬ ಭರವಸೆಗೆ.

ಈ ಓಟದಲ್ಲಿ ನಷ್ಟವಾಗುವುದು ಸರ್ಕಾರಿ ಶಾಲೆಗೆ. ಮಾಸ್ತರರನ್ನು ಪ್ರಶ್ನಿಸಬಲ್ಲ, ಅಧಿಕಾರಿಗೆ ಅರ್ಜಿ ಬರೆಯಬಲ್ಲ ತಂದೆ ತಾಯಿಯರು ಮಕ್ಕಳನ್ನು ಬಿಡಿಸಿಕೊಂಡು ಹೋದ ಮೇಲೆ ಅಲ್ಲಿ ಸೋರುವ ಸೂರಿನ ಬಗ್ಗೆ ಕೇಳುವವರಾರು? ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಸರ್ಕಾರಿ ನೌಕರರ, ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತಾಗಬೇಕೆಂದು ಅಲಹಾಬಾದ್ ಹೈಕೋರ್ಟು 2015ರಲ್ಲಿ ಹೇಳಿತು. ಎರಡೂ ಕಾಗದದಲ್ಲೇ ಉಳಿದವು.

ಕಾನೂನು ತೆರೆದ ಬಾಗಿಲು

ಬಾಗಿಲನ್ನು ಗಟ್ಟಿಯಾಗಿ ತಟ್ಟಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಖಾಸಗಿ ಶಾಲೆಗಳು ಒಂದನೆಯ ತರಗತಿಯ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕೆಂದು ಅದು ವಿಧಿಸಿತು. ಪ್ರವೇಶದ ಹೊತ್ತಿನಲ್ಲಿ ಮಗುವನ್ನಷ್ಟೇ ಅಲ್ಲ, ತಂದೆ ತಾಯಿಯನ್ನೂ ಪರೀಕ್ಷೆಗೆ ಒಡ್ಡುವಂತಿಲ್ಲ ಎಂದು ಹೇಳಿ, ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡವನ್ನೂ ಗೊತ್ತುಮಾಡಿತು. ಮೂರು ವರ್ಷದ ಮಗುವಿನ ಹೆಸರಿನಲ್ಲಿ ಪೋಷಕರ ಅಂತಸ್ತನ್ನು ಅಳೆಯುವ ಪದ್ಧತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಶಾಲೆಗಳು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 2012ರ ಏಪ್ರಿಲ್ 12ರಂದು ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅದು ಅನ್ವಯಿಸದೆಂದು 2014ರಲ್ಲಿ ಇನ್ನೊಂದು ತೀರ್ಪು ಬಂತು.

ವಿರೋಧಿಸಿದವರ ವಾದ ಎರಡು ಬಗೆಯದು. ಶಾಲೆಯ ಗುಣಮಟ್ಟ ಕುಸಿಯುತ್ತದೆ ಎಂಬುದು ಒಂದು. ಬಡ ಮಕ್ಕಳೇ ಕೀಳರಿಮೆಯಿಂದ ನರಳುತ್ತಾರೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ. ಸರ್ಕಾರ ಶುಲ್ಕದ ಪಾಲು ಕೊಟ್ಟೀತು. ಗೆಳೆಯನ ಹುಟ್ಟುಹಬ್ಬಕ್ಕೆ ಒಯ್ಯಬೇಕಾದ ಉಡುಗೊರೆಗೆ ಯಾವ ಸರ್ಕಾರವೂ ಹಣ ಕೊಡಲಾರದು. ಆದರೆ ಆ ಕೀಳರಿಮೆಯನ್ನು ಮಗು ಮನೆಯಿಂದ ತಂದದ್ದಲ್ಲ, ಅಲ್ಲಿ ಕೊಟ್ಟದ್ದು. ಧಾರವಾಡದ ಹುಡುಗನಿಗೆ ಸಿಕ್ಕಿದ ಉತ್ತರದ ನೆರಳು ಈ ವಾದದ ಮೇಲಿದೆ: ನ್ಯಾಯ ನಿನ್ನ ಕಡೆಗಿದೆ, ಆದರೂ ಬೇಡ.

ಗುಣಮಟ್ಟದ ವಾದವನ್ನು ಒರೆಗೆ ಹಚ್ಚಿ ನೋಡಿದ್ದೂ ಆಗಿದೆ. ದೆಹಲಿಯ ಪ್ರತಿಷ್ಠಿತ ಖಾಸಗಿ ಶಾಲೆಗಳು 2007ರಿಂದಲೇ ಬಡ ಮಕ್ಕಳಿಗೆ ಸೀಟು ಕೊಡಬೇಕಾಯಿತು. ಅಲ್ಲಿನ ಶ್ರೀಮಂತ ಮಕ್ಕಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅವರ ಪ್ರಬಂಧ 2019ರಲ್ಲಿ ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳಲು ಹೇಳಿದಾಗ, ಬಡ ಸಹಪಾಠಿಗಳೊಂದಿಗೆ ಬೆಳೆದ ಶ್ರೀಮಂತ ಮಕ್ಕಳು ವೇಗವಾಗಿ ಓಡುವ ಬಡ ಹುಡುಗನನ್ನು ದೂರವಿಡುವುದು ಕಡಿಮೆಯಾಗಿತ್ತು. ಅವರು ಹೆಚ್ಚು ಉದಾರಿಗಳೂ ಆಗಿದ್ದರು. ಓದಿನ ಮೇಲಾದ ಪರಿಣಾಮ ಒಟ್ಟಾರೆ ಅಲ್ಪ. ಬದಲಾವಣೆ ತಂದದ್ದು ಪುಸ್ತಕದ ನೀತಿಪಾಠವಲ್ಲ, ದಿನವೂ ಒಟ್ಟಿಗೆ ಓದಿ ಆಡಿದ ಒಡನಾಟ.

ಕರ್ನಾಟಕದಲ್ಲಿ ಬಾಗಿಲು ಮತ್ತೆ ಕಿರಿದಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟುಗಳನ್ನು ಕೊಡಬೇಕಿಲ್ಲ ಎಂದು ರಾಜ್ಯ ಸರ್ಕಾರ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಖಾಸಗಿ ಶಾಲೆಗೆ ಹಣ ಸುರಿಯುವ ಬದಲು ಸರ್ಕಾರಿ ಶಾಲೆ ಉಳಿಸಬೇಕೆಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಮಹಾರಾಷ್ಟ್ರ ಇಂಥದೇ ನಿಯಮ ತಂದಾಗ ಮುಂಬೈ ಹೈಕೋರ್ಟು 2024ರಲ್ಲಿ ಅದನ್ನು ರದ್ದುಪಡಿಸಿತು.

ನ್ಯಾಯಾಲಯ ಬೆಂಚಿನಲ್ಲಿ ಜಾಗ ಕೊಡಿಸಬಹುದು. ಆ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳು ಬುತ್ತಿಯ ಡಬ್ಬಿ ತೆರೆದು ಹಂಚಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮಕ್ಕಳಿಗೆ ಬೇಕಿರುವುದು ಚಿತ್ರಾನ್ನದ ರುಚಿ. ಸಂಜೆ ಮನೆಗೆ ಹೋದ ಮೇಲೆ 'ಅವನ ಅಪ್ಪ ಏನು ಕೆಲಸ ಮಾಡ್ತಾರೆ?' ಎಂಬ ಪ್ರಶ್ನೆಯನ್ನು ಮಗು ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತದೆ. ಮರುದಿನ ಅದು ಡಬ್ಬಿ ತೆರೆಯುವ ಮುಂಚೆ ಪಕ್ಕದವನನ್ನು ಒಮ್ಮೆ ನೋಡುತ್ತದೆ.