ಕೃಷಿ ತ್ಯಾಜ್ಯದ ಖರೀದಿ: ತೂಕಕ್ಕೆ ಬೆಲೆಯೇ, ಸೆಲ್ಯುಲೋಸಿಗೆ ಬೆಲೆಯೇ?

ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ, ಹತ್ತಿಕಟ್ಟಿಗೆ ಮೊದಲಾದ ಕೃಷಿ ತ್ಯಾಜ್ಯಗಳು ಕಾಗದ, ರಟ್ಟು ಹಾಗೂ ಎಥನಾಲ್ ಉದ್ಯಮಗಳಿಗೆ ಕಚ್ಚಾವಸ್ತುಗಳಾಗಿವೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕವು ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸಲೆಂದೇ ಸ್ಥಾಪಿತವಾದುದು. ಇಂತಹ ಸರಕನ್ನು ತೂಕದ ಮೇಲೆ ಕೊಳ್ಳುತ್ತೇವಾದರೂ ಉದ್ಯಮಕ್ಕೆ ಮುಖ್ಯವಾಗಿ ಬೇಕಾದುದು ಅದರೊಳಗಿನ ಸೆಲ್ಯುಲೋಸ್.

ಅದನ್ನು ಅಳೆಯುವುದು ಹೇಗೆ? ಮೊದಲು ಮಾದರಿಯನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಣಗಿಸಿ ತೇವಾಂಶವನ್ನು ತಿಳಿಯುತ್ತಾರೆ. ಬಳಿಕ, ವ್ಯಾನ್ ಸೋಸ್ಟ್ ಎಂಬ ವಿಜ್ಞಾನಿಯು 1960ರ ದಶಕದಲ್ಲಿ ರೂಪಿಸಿದ ವಿಧಾನದಂತೆ, ಪುಡಿಮಾಡಿದ ಮಾದರಿಯನ್ನು ಆಮ್ಲಯುಕ್ತ ಡಿಟರ್ಜೆಂಟ್ ದ್ರಾವಣದಲ್ಲಿ ಒಂದು ಗಂಟೆ ಕುದಿಸುತ್ತಾರೆ. ಉಳಿಯುವ ನಾರಿಗೆ ಎ.ಡಿ.ಎಫ್. ಎಂದು ಹೆಸರು. ಇದರಲ್ಲಿ ಸೆಲ್ಯುಲೋಸ್, ಲಿಗ್ನಿನ್ ಮತ್ತು ಮರಳಿನ ಅಂಶವಾದ ಸಿಲಿಕಾ ಇರುತ್ತವೆ. ಇದನ್ನು ಶೇ. 72ರ ಗಂಧಕಾಮ್ಲದಲ್ಲಿ ನೆನೆಸಿದಾಗ ಸೆಲ್ಯುಲೋಸ್ ಕರಗುತ್ತದೆ. ಆಗ ಕಡಿಮೆಯಾದ ತೂಕವೇ ಸೆಲ್ಯುಲೋಸಿನ ಪ್ರಮಾಣ.

ಒಂದು ಲೆಕ್ಕವನ್ನು ನೋಡೋಣ. ಎರಡು ಲೋಡುಗಳು ತಲಾ 10,000 ಕಿಲೋ. ಒಣ ತೂಕದಲ್ಲಿ ಸೆಲ್ಯುಲೋಸ್ ಎರಡರಲ್ಲೂ ಶೇ. 36 ಎಂದಿಟ್ಟುಕೊಳ್ಳಿ. ಮೊದಲನೆಯದರ ತೇವಾಂಶ ಶೇ. 10, ದರ ಕಿಲೋಗೆ ರೂ. 2.40. ಎರಡನೆಯದರ ತೇವಾಂಶ ಶೇ. 25, ದರ ರೂ. 2.20. ಮೊದಲನೆಯದರಲ್ಲಿ ದೊರೆಯುವ ಸೆಲ್ಯುಲೋಸ್ 3,240 ಕಿಲೋ, ಕಿಲೋವೊಂದಕ್ಕೆ ರೂ. 7.41 ಬೀಳುತ್ತದೆ. ಎರಡನೆಯದರಲ್ಲಿ ದೊರೆಯುವುದು 2,700 ಕಿಲೋ. ಬೀಳುವ ಬೆಲೆ ರೂ. 8.15. ಅಗ್ಗವೆಂದು ಕಂಡ ಸರಕೇ ದುಬಾರಿಯಾಯಿತು.

ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎ.ಡಿ.ಎಫ್. ಶೇ. 48, ಆಮ್ಲದ ನಂತರದ ಶೇಷ ಶೇ. 12 ಇದ್ದರೆ ಸೆಲ್ಯುಲೋಸ್ ಶೇ. 36. ಆ ಶೇಷದಲ್ಲಿ ಬೂದಿ ಶೇ. 5 ಹಾಗೂ ಲಿಗ್ನಿನ್ ಶೇ. 7 ಇರಬಹುದು. ಬೂದಿಯನ್ನು ಮರೆತು ಲಿಗ್ನಿನ್ ಮಾತ್ರ ಕಳೆದರೆ ವರದಿಯಲ್ಲಿ ಶೇ. 41 ಎಂದು ಬರುತ್ತದೆ. ಸಿಲಿಕಾಕ್ಕೂ ಸೆಲ್ಯುಲೋಸಿನ ಬೆಲೆ ತೆತ್ತಂತಾಗುತ್ತದೆ.

ಆದಕಾರಣ ಖರೀದಿ ಕರಾರಿನಲ್ಲಿ ತೇವಾಂಶದ ಮಿತಿ, ಒಣ ತೂಕದ ಆಧಾರ, ಪರೀಕ್ಷಾ ವಿಧಾನ ಹಾಗೂ ಬೂದಿಯ ಪ್ರಮಾಣವನ್ನು ನಮೂದಿಸತಕ್ಕದ್ದು. ಲೋಡಿನ ಮೇಲ್ಭಾಗದಿಂದಷ್ಟೇ ಅಲ್ಲದೆ ಹಲವು ಕಡೆಗಳಿಂದ ಮಾದರಿ ತೆಗೆದು ಬೆರೆಸಿ, ಒಂದು ಭಾಗವನ್ನು ಉಭಯಪಕ್ಷಗಳ ಸಹಿಯೊಡನೆ ಮೊಹರು ಮಾಡಿ ಇಡುವುದು ಲೇಸು. ದಾಸ್ತಾನು ಪುಸ್ತಕದಲ್ಲಿ ಒಣ ತೂಕಕ್ಕೂ ಒಂದು ಅಂಕಣವಿದ್ದರೆ, ವರ್ಷಾಂತ್ಯದಲ್ಲಿ ಕಾಣುವ ಕೊರತೆಯು ಆರಿಹೋದ ನೀರಿನದೋ ಕಳೆದುಹೋದ ಸರಕಿನದೋ ಎಂಬುದನ್ನು ಸುಲಭವಾಗಿ ನಿರ್ಧರಿಸಬಹುದು.